ರಂಫರ್ಡ್ ಕಾಯ್ದೆ ಎಂದರೇನು? ಬರ್ಕ್ಲಿಯ ಔಷಧ ಅಂಗಡಿಯಿಂದ ಕ್ಯಾಲಿಫೋರ್ನಿಯಾ ಶಾಸನಸಭೆಗೆ ಹೋದವರ ಕಥೆ

2023ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಜಾತಿ ತಾರತಮ್ಯದ ಕುರಿತು ಎಸ್‌ಬಿ 403 ಎಂಬ ಮಸೂದೆಯನ್ನು ಅಂಗೀಕರಿಸಿತು. ಅಲ್ಲಿ ನೆಲೆಸಿರುವ ಭಾರತೀಯರ ನಡುವೆ ಪರ-ವಿರೋಧದ ಮಾತು ಜೋರಾಗಿಯೇ ನಡೆಯಿತು. ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕದೆ ಮಸೂದೆಯನ್ನು ವಾಪಸ್ ಕಳಿಸಿದರು. ಈಗಿರುವ ಕಾನೂನೇ ವಂಶಮೂಲ, ಧರ್ಮ, ಬಣ್ಣದಂಥ ಆಧಾರಗಳ ಮೇಲಿನ ತಾರತಮ್ಯವನ್ನು ತಡೆಯುತ್ತದೆ, ಜಾತಿಗೆಂದು ಪ್ರತ್ಯೇಕ ಮಾತು ಸೇರಿಸುವ ಅಗತ್ಯವಿಲ್ಲ ಎಂಬುದು ಅವರು ಕೊಟ್ಟ ಕಾರಣ.

ಆ ಮಸೂದೆ ತಿದ್ದಲು ಹೊರಟಿದ್ದ ಕಾನೂನುಗಳಲ್ಲಿ ಒಂದು ‘ನ್ಯಾಯಯುತ ಉದ್ಯೋಗ ಮತ್ತು ವಸತಿ ಕಾಯ್ದೆ’. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುವ, ಬಾಡಿಗೆ ಮನೆ ಹುಡುಕುವ, ಮನೆ ಕೊಳ್ಳುವ ಪ್ರತಿಯೊಬ್ಬರಿಗೂ ಅದು ಅನ್ವಯಿಸುತ್ತದೆ. 1980ರಲ್ಲಿ ಎರಡು ಹಳೆಯ ಕಾಯ್ದೆಗಳನ್ನು ಸೇರಿಸಿ ಇದನ್ನು ರೂಪಿಸಿದರು. ಉದ್ಯೋಗಕ್ಕೆ ಸಂಬಂಧಿಸಿದ ಒಂದು 1959ರದು, ವಸತಿಗೆ ಸಂಬಂಧಿಸಿದ ಇನ್ನೊಂದು 1963ರದು. ಎರಡರ ಹಿಂದೆಯೂ ಒಬ್ಬ ಶಾಸಕರ ದುಡಿಮೆಯಿದೆ: ವಿಲಿಯಂ ಬೈರನ್ ರಂಫರ್ಡ್. ವೃತ್ತಿಯಲ್ಲಿ ಔಷಧ ಅಂಗಡಿಯವರು. ಎರಡನೆಯ ಕಾಯ್ದೆಯನ್ನು ಜನ ಅವರ ಹೆಸರಿನಿಂದಲೇ ಕರೆದರು.

ಅಮೆರಿಕದ ನಾಗರಿಕ ಹಕ್ಕುಗಳ ಕಥೆ ನಮಗೆ ಹೆಚ್ಚಾಗಿ ಗೊತ್ತಿರುವುದು ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣಗಳ ಮೂಲಕ, ದಕ್ಷಿಣದ ರಾಜ್ಯಗಳ ಬಸ್ಸು, ಶಾಲೆಗಳ ಹೋರಾಟದ ಮೂಲಕ. ಸಮಿತಿ ಕೊಠಡಿಗಳಲ್ಲಿ ಕೂತು, ಒಂದೊಂದು ವಾಕ್ಯಕ್ಕೆ ಜಗ್ಗಾಡಿ ಕಾನೂನು ಬರೆದವರ ಕಥೆ ಅಷ್ಟಾಗಿ ನಮ್ಮನ್ನು ತಲುಪಿಲ್ಲ. ರಂಫರ್ಡ್ ಆ ಎರಡನೆಯ ಗುಂಪಿನವರು.

ಮೊದಲು, ಅಲ್ಲಿನ ಶಾಸಕರು ಮಾಡುವ ಕೆಲಸವೇನು?

ಅಮೆರಿಕದ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ, ತನ್ನದೇ ಶಾಸನಸಭೆಯಿದೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ಸದನಗಳು. ಕೆಳಮನೆ ಅಸೆಂಬ್ಲಿಯಲ್ಲಿ 80 ಸದಸ್ಯರಿದ್ದು, ಎರಡು ವರ್ಷಕ್ಕೊಮ್ಮೆ ಚುನಾವಣೆ. ಮೇಲ್ಮನೆ ಸೆನೆಟ್‌ನಲ್ಲಿ 40 ಸದಸ್ಯರು, ಅವಧಿ ನಾಲ್ಕು ವರ್ಷ. ನಮ್ಮ ವಿಧಾನ ಪರಿಷತ್ತಿನಂತಲ್ಲದೆ, ಸೆನೆಟ್‌ನ ಎಲ್ಲರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ರಾಜಧಾನಿ ಸ್ಯಾಕ್ರಮೆಂಟೊ.

ನಮ್ಮ ವ್ಯವಸ್ಥೆಗೂ ಅಲ್ಲಿನದಕ್ಕೂ ಇರುವ ದೊಡ್ಡ ವ್ಯತ್ಯಾಸ ಮಸೂದೆ ಹುಟ್ಟುವ ಜಾಗದಲ್ಲಿದೆ. ಕರ್ನಾಟಕದಲ್ಲಿ ಮಸೂದೆ ಸಾಮಾನ್ಯವಾಗಿ ಸರ್ಕಾರದ್ದು: ಇಲಾಖೆ ಸಿದ್ಧಪಡಿಸುತ್ತದೆ, ಸಂಪುಟ ಒಪ್ಪುತ್ತದೆ, ಸಚಿವರು ಮಂಡಿಸುತ್ತಾರೆ, ಆಡಳಿತ ಪಕ್ಷದ ಶಾಸಕರು ವಿಪ್ ಪ್ರಕಾರ ಮತ ಹಾಕುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮುಖ್ಯಮಂತ್ರಿ ಎಂಬ ಹುದ್ದೆಯೇ ಇಲ್ಲ. ಜನರಿಂದ ನೇರ ಆಯ್ಕೆಯಾದ ಗವರ್ನರ್ ಆಡಳಿತ ನಡೆಸುತ್ತಾರೆ, ಆದರೆ ಅವರು ಸದನದ ಸದಸ್ಯರಲ್ಲ, ತಾವಾಗಿ ಮಸೂದೆ ಮಂಡಿಸಲೂ ಬರುವುದಿಲ್ಲ. ಪ್ರತಿ ಮಸೂದೆಗೂ ಒಬ್ಬ ಶಾಸಕರು ಹೆಗಲು ಕೊಡಬೇಕು. ಸಮಿತಿಯಲ್ಲಿ ಅದನ್ನು ಸಮರ್ಥಿಸಿಕೊಳ್ಳುವುದು, ಒಬ್ಬೊಬ್ಬ ಸದಸ್ಯರನ್ನೂ ಕಂಡು ಮತ ಕೂಡಿಸುವುದು, ಇನ್ನೊಂದು ಸದನದಲ್ಲಿ ದಾಟಿಸುವುದು, ಗವರ್ನರ್ ಮೇಜಿನ ತನಕ ಮುಟ್ಟಿಸುವುದು ಎಲ್ಲವೂ ಅವರ ಹೊಣೆ. ಪಕ್ಷದ ಮಾತು ಮೀರಿದರೆ ಸದಸ್ಯತ್ವ ಹೋಗುವ ಕಾನೂನು ಅಲ್ಲಿಲ್ಲ. ಹಾಗಾಗಿ ಸ್ವಂತ ಪಕ್ಷದ ಬಹುಮತವಿದ್ದರೂ ಮಸೂದೆ ಗೆಲ್ಲುತ್ತದೆ ಎಂದು ಹೇಳಲಾಗದು.

ಇನ್ನೊಂದು ವಿಷಯ. 1950ರ ದಶಕದಲ್ಲಿ ಶಾಸಕಗಿರಿ ಪೂರ್ಣಾವಧಿ ಕೆಲಸವಾಗಿರಲಿಲ್ಲ. ಸಾಮಾನ್ಯ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ ನಡೆಯುತ್ತಿತ್ತು, ಸಮ ವರ್ಷಗಳಲ್ಲಿ ಬಜೆಟ್ಟಿಗೆ ಮೀಸಲಾದ ಚಿಕ್ಕ ಅಧಿವೇಶನ. 1966ರಲ್ಲಿ ಜನರು ಮತ ಹಾಕಿ ಬದಲಿಸುವ ತನಕ ಶಾಸಕರ ಸಂಬಳ ವರ್ಷಕ್ಕೆ 6,000 ಡಾಲರ್. ಸಂಸಾರ ಸಾಗಿಸಲು ವಕೀಲರು ಕಚೇರಿಯನ್ನೂ ರೈತರು ಜಮೀನನ್ನೂ ಬಿಡುವಂತಿರಲಿಲ್ಲ. ರಂಫರ್ಡ್ ಕೂಡ ಔಷಧ ಅಂಗಡಿಯನ್ನು ಉಳಿಸಿಕೊಂಡೇ ಶಾಸಕರಾಗಿದ್ದರು.

ಗಣಿ ಊರಿನಿಂದ ಬರ್ಕ್ಲಿಗೆ

ರಂಫರ್ಡ್ ಹುಟ್ಟಿದ್ದು 1908ರ ಫೆಬ್ರುವರಿ 2ರಂದು, ಅರಿಜೋನಾದ ಕೋರ್ಟ್‌ಲ್ಯಾಂಡ್ ಎಂಬ ತಾಮ್ರದ ಗಣಿ ಊರಿನಲ್ಲಿ. ಫೀನಿಕ್ಸ್ ನಗರದಲ್ಲಿ ಕಪ್ಪುವರ್ಣೀಯ ಮಕ್ಕಳಿಗೆಂದೇ ಬೇರೆ ಇಟ್ಟಿದ್ದ ಪ್ರೌಢಶಾಲೆಯಲ್ಲಿ ಓದಿದರು. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಬಂದು, ದುಡಿಯುತ್ತಲೇ ಓದಿ, 1931ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯ ಕಾಲೇಜಿನಿಂದ ಫಾರ್ಮಸಿ ಪದವಿ ಪಡೆದರು.

ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸಿದಾಗ ಲಿಖಿತ ಪರೀಕ್ಷೆ ಪಾಸಾಯಿತು, ಮೌಖಿಕದಲ್ಲಿ ಫೇಲು ಮಾಡಿದರು. ಅಲ್ಲಿ ಕೇಳಿದ ಪ್ರಶ್ನೆಗಳಿಗೂ ಹುದ್ದೆಗೂ ಸಂಬಂಧವಿರಲಿಲ್ಲ. ಕಪ್ಪುವರ್ಣೀಯ ಬಾಕ್ಸರ್ ಜೋ ಲೂಯಿ ಬಗ್ಗೆ ಏನನ್ನುತ್ತೀರಿ ಎಂಬಂಥ ಪ್ರಶ್ನೆಗಳು. ರಂಫರ್ಡ್ ಸುಮ್ಮನಾಗದೆ ಮೇಲ್ಮನವಿ ಸಲ್ಲಿಸಿದರು. ಮುಂದೆ ಲೈಂಗಿಕ ರೋಗಗಳ ತಡೆಗೆ ಸಂಬಂಧಿಸಿದ ತನಿಖಾ ಅಧಿಕಾರಿಯಾಗಿ ಕೆಲಸ ಮಾಡಿದರು. ತಾರತಮ್ಯ ಯಾವಾಗಲೂ ಬೋರ್ಡು ತಗುಲಿಸಿಕೊಂಡು ಬರುವುದಿಲ್ಲ, ಸಂದರ್ಶನದ ಕೋಣೆಯೊಳಗೆ ಹೀಗೂ ನಡೆಯುತ್ತದೆ. ದೂರು ಕೇಳುವ ಅಧಿಕಾರವಿರುವ ಒಂದು ಆಯೋಗ ಬೇಕು ಎಂದು ಅವರು ಶಾಸನಸಭೆಯಲ್ಲಿ ವರ್ಷಗಟ್ಟಲೆ ಹಟ ಹಿಡಿದದ್ದು ಏಕೆಂದು ಅರ್ಥವಾಗಲು ಈ ಪ್ರಸಂಗ ಸಾಕು.

1942ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಬರ್ಕ್ಲಿ ನಗರದ ಸ್ಯಾಕ್ರಮೆಂಟೊ ಬೀದಿಯಲ್ಲಿದ್ದ ಔಷಧ ಅಂಗಡಿಯನ್ನು ಅವರು ಕೊಂಡರು. ಆಗ ಎರಡನೆಯ ಮಹಾಯುದ್ಧ. ಪಕ್ಕದ ರಿಚ್ಮಂಡ್‌ನಲ್ಲಿ ಕೈಸರ್ ಕಂಪನಿಯ ಹಡಗುಕಟ್ಟೆಗಳು ಹಗಲೂ ರಾತ್ರಿ ನಡೆಯುತ್ತಿದ್ದವು. ಟೆಕ್ಸಸ್, ಲೂಸಿಯಾನಾ ಕಡೆಯಿಂದ ಸಾವಿರಾರು ಕಪ್ಪುವರ್ಣೀಯ ಕುಟುಂಬಗಳು ಕೆಲಸ ಅರಸಿ ಬಂದವು. ಬರ್ಕ್ಲಿಯಲ್ಲಿ 1940ರಲ್ಲಿ ಸುಮಾರು 3,400 ಇದ್ದ ಕಪ್ಪುವರ್ಣೀಯರ ಸಂಖ್ಯೆ ಹತ್ತೇ ವರ್ಷದಲ್ಲಿ 13,000 ದಾಟಿತು. ಕೆಲಸವೇನೋ ಇತ್ತು, ಆದರೆ ಊರಿನ ಬಹುಪಾಲು ಬೀದಿಗಳಲ್ಲಿ ಅವರಿಗೆ ಮನೆ ಇರಲಿಲ್ಲ.

ಮನೆ ಪತ್ರದಲ್ಲಿ ಬಣ್ಣದ ಷರತ್ತು

ಏಕೆ ಇರಲಿಲ್ಲ? ಇದಕ್ಕೆ ಮನೆಯ ಕ್ರಯಪತ್ರವನ್ನೇ ನೋಡಬೇಕು. ಬೆಂಗಳೂರಿನಲ್ಲಿ ಬಿಡಿಎ ನಿವೇಶನ ಸಿಕ್ಕವರಿಗೆ ಗೊತ್ತು, ಜಾಗದ ಜೊತೆಗೆ ಷರತ್ತುಗಳೂ ಬರುತ್ತವೆ: ಇಷ್ಟು ವರ್ಷ ಮಾರುವಂತಿಲ್ಲ, ಇಂಥ ಉದ್ದೇಶಕ್ಕೇ ಬಳಸಬೇಕು ಎಂದು. ಅಮೆರಿಕದಲ್ಲಿ ಬಡಾವಣೆ ಕಟ್ಟುವ ಖಾಸಗಿ ಕಂಪನಿಗಳು ಇಂಥ ಷರತ್ತುಗಳ ನಡುವೆ ಇನ್ನೊಂದನ್ನು ಬರೆಯುತ್ತಿದ್ದವು. ಬಿಳಿಯರಲ್ಲದವರು ಈ ಮನೆಯನ್ನು ಕೊಳ್ಳುವಂತಿಲ್ಲ, ಬಾಡಿಗೆಗೆ ಇರುವಂತಿಲ್ಲ, ಮನೆಗೆಲಸದವರಾಗಿ ಮಾತ್ರ ಇರಬಹುದು. ಕೊಂಡವರು ಮುಂದೆ ಮಾರಿದರೂ ಷರತ್ತು ಮನೆಗೆ ಅಂಟಿಕೊಂಡೇ ಹೋಗುತ್ತಿತ್ತು. ಬರ್ಕ್ಲಿಯ ಪೂರ್ವದ ಗುಡ್ಡದ ಕಡೆಯ ಒಳ್ಳೆಯ ಬಡಾವಣೆಗಳಲ್ಲಿ ಈ ಬಗೆಯ ಪತ್ರಗಳಿದ್ದವು. ಕಪ್ಪುವರ್ಣೀಯರಿಗೂ ಜಪಾನಿ ಮೂಲದವರಿಗೂ ಉಳಿದದ್ದು ಹೆಚ್ಚಾಗಿ ಊರಿನ ದಕ್ಷಿಣ, ಪಶ್ಚಿಮದ ಭಾಗಗಳು.

ಭಾರತೀಯರೂ ಈ ಗೆರೆಯ ಹೊರಗೇ ಇದ್ದರು. 1915ರಲ್ಲಿ ಪೇಶಾವರದಿಂದ ಬಂದ ವೈಷ್ಣೋ ದಾಸ್ ಬಾಗೈ ಮತ್ತು ಕಲಾ ಬಾಗೈ ದಂಪತಿ ಬರ್ಕ್ಲಿಯಲ್ಲಿ ಮನೆ ಕೊಂಡರು. ಸಾಮಾನು ತಂದ ದಿನ ನೆರೆಯವರು ಮನೆಗೆ ಬೀಗ ಹಾಕಿ ಒಳಗೆ ಬಿಡಲಿಲ್ಲ. ಮೂರು ಪುಟ್ಟ ಮಕ್ಕಳ ಜೊತೆ ಅವರು ಅಲ್ಲಿಂದ ಹೊರಟುಹೋದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಗ ವೈಷ್ಣೋ ದಾಸ್ ಪಡೆದಿದ್ದ ಪೌರತ್ವವೂ ಹೋಯಿತು. ಇಂದು ಬರ್ಕ್ಲಿ ಪೇಟೆಯ ಒಂದು ಬೀದಿಗೆ ಕಲಾ ಬಾಗೈ ಹೆಸರಿದೆ.

1948ರಲ್ಲಿ ‘ಶೆಲ್ಲಿ ವಿರುದ್ಧ ಕ್ರೇಮರ್’ ಮೊಕದ್ದಮೆಯ ತೀರ್ಪು ಬಂತು: ಇಂಥ ಷರತ್ತನ್ನು ಜಾರಿ ಮಾಡಿಕೊಡಿ ಎಂದು ಯಾರೂ ನ್ಯಾಯಾಲಯವನ್ನು ಕೇಳುವಂತಿಲ್ಲ. ಇದು ದೊಡ್ಡ ಹೆಜ್ಜೆಯೇ. ಆದರೆ ತೀರ್ಪು ಹೇಳದೆ ಬಿಟ್ಟದ್ದನ್ನೂ ಗಮನಿಸಬೇಕು. ಮನೆ ಮಾಲೀಕ ತಾನಾಗಿಯೇ ‘ನಿಮಗೆ ಕೊಡುವುದಿಲ್ಲ’ ಎಂದರೆ ತಡೆಯುವ ಕಾನೂನು ಇರಲಿಲ್ಲ. ದಲ್ಲಾಳಿ ಮನೆ ತೋರಿಸದಿದ್ದರೆ, ಬ್ಯಾಂಕು ಸಾಲ ಕೊಡದಿದ್ದರೆ ಕೇಳುವವರಿರಲಿಲ್ಲ. ಷರತ್ತು ಸತ್ತರೂ ರೂಢಿ ಉಳಿಯಿತು. ರಂಫರ್ಡ್ ಶಾಸಕರಾಗಿ ಆಯ್ಕೆಯಾದದ್ದೂ ಅದೇ 1948ರಲ್ಲಿ.

ಹದಿನೇಳನೇ ಕ್ಷೇತ್ರದ ಸದಸ್ಯ

ಬರ್ಕ್ಲಿ ಮತ್ತು ಓಕ್‌ಲ್ಯಾಂಡಿನ ಭಾಗಗಳು ಸೇರಿದ 17ನೇ ಅಸೆಂಬ್ಲಿ ಕ್ಷೇತ್ರದಿಂದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ಅವರು ಗೆದ್ದರು. ಉತ್ತರ ಕ್ಯಾಲಿಫೋರ್ನಿಯಾದಿಂದ ರಾಜ್ಯ ಮಟ್ಟದ ಹುದ್ದೆಗೆ ಆಯ್ಕೆಯಾದ ಮೊದಲ ಕಪ್ಪುವರ್ಣೀಯ ಅವರು. ಈ ಗೆಲುವಿನ ಹಿಂದೆ ಸ್ಥಳೀಯ ಸಂಘಟನೆಯ ಬಲವಿತ್ತು. ಮತದಾರರನ್ನು ಮನೆಮನೆಗೆ ಹೋಗಿ ಒಗ್ಗೂಡಿಸುತ್ತಿದ್ದ ಡಿ.ಜಿ. ಗಿಬ್ಸನ್, ರೈಲಿನ ಮಲಗುವ ಬೋಗಿಗಳಲ್ಲಿ ಪ್ರಯಾಣಿಕರ ಸೇವೆ ಮಾಡುತ್ತಿದ್ದ ಪೋರ್ಟರುಗಳ ಕಾರ್ಮಿಕ ಸಂಘದ ನಾಯಕ ಸಿ.ಎಲ್. ಡೆಲ್ಲಮ್ಸ್ ಅಂಥವರು ಆ ಭಾಗದ ರಾಜಕಾರಣದ ಬೆನ್ನೆಲುಬು.

ಅಸೆಂಬ್ಲಿಯ 80 ಮಂದಿಯಲ್ಲಿ ಆಗ ಇನ್ನೊಬ್ಬರೇ ಕಪ್ಪುವರ್ಣೀಯ ಸದಸ್ಯರಿದ್ದರು: ಲಾಸ್ ಏಂಜಲೀಸಿನ ಆಗಸ್ಟಸ್ ಹಾಕಿನ್ಸ್. 1934ರಲ್ಲೇ ಶಾಸಕರಾಗಿ ಆಯ್ಕೆಯಾಗಿದ್ದವರು. ಇಬ್ಬರೇ ಸೇರಿ ಏನು ಮಾಡಬಹುದು? ಮೊದಲ ಅಧಿವೇಶನದಲ್ಲೇ, 1949ರಲ್ಲಿ, ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯಲ್ಲಿ ಬಣ್ಣದ ಆಧಾರದ ವಿಂಗಡಣೆಯನ್ನು ನಿಲ್ಲಿಸುವ ಮಸೂದೆಯನ್ನು ರಂಫರ್ಡ್ ದಾಟಿಸಿದರು. ಮುಂದೆ ಅಸೆಂಬ್ಲಿಯ ಸಾರ್ವಜನಿಕ ಆರೋಗ್ಯ ಸಮಿತಿಯ ಅಧ್ಯಕ್ಷರಾದರು. ಔಷಧ ಬಲ್ಲವರಿಗೆ ಒಗ್ಗುವ ಜಾಗ ಅದು. ಗಾಳಿಯ ಮಾಲಿನ್ಯ ತಡೆಯುವ ರಾಜ್ಯದ ಆರಂಭದ ಕಾನೂನುಗಳಲ್ಲೂ ಅವರ ಕೈಯಿದೆ. ಮಿಕ್ಕ ಸದಸ್ಯರು ಅವರನ್ನು ಒಂದೇ ವಿಷಯ ಹಿಡಿದು ಕೂತವರೆಂದು ಬದಿಗಿಡಲು ಸಾಧ್ಯವಾಗದೆ ಹೋದದ್ದಕ್ಕೆ ಈ ಕೆಲಸವೇ ಕಾರಣ ಎಂದು ನನಗನ್ನಿಸುತ್ತದೆ. ಸದನದಲ್ಲಿ ಮತ ಕೂಡಿಸಬೇಕಾದವರಿಗೆ ಇಂಥ ಗೌರವ ತುಂಬ ಬೇಕು.

ಉದ್ಯೋಗದ ಕಾನೂನು: ಹದಿಮೂರು ವರ್ಷದ ದಾರಿ

ಚರ್ಮದ ಬಣ್ಣ, ಧರ್ಮ, ಮೂಲದ ಕಾರಣಕ್ಕೆ ಕೆಲಸ ನಿರಾಕರಿಸುವುದು ತಪ್ಪು ಎಂಬ ಕಾನೂನು ತರಲು ಕ್ಯಾಲಿಫೋರ್ನಿಯಾದಲ್ಲಿ 1940ರ ದಶಕದಿಂದಲೂ ಪ್ರಯತ್ನ ನಡೆದಿತ್ತು. ನ್ಯೂಯಾರ್ಕ್ ರಾಜ್ಯ 1945ರಲ್ಲೇ ಇಂಥ ಕಾನೂನು ಮಾಡಿತ್ತು. 1946ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನೇರವಾಗಿ ಜನರ ಮತಕ್ಕೆ ಹಾಕಿದಾಗ ಹೀನಾಯವಾಗಿ ಸೋತಿತು. ಶಾಸನಸಭೆಯಲ್ಲಿ ಹಾಕಿನ್ಸ್ ಮತ್ತು ರಂಫರ್ಡ್ ಮಸೂದೆಯನ್ನು ಮತ್ತೆ ಮತ್ತೆ ತಂದರು, ಅದು ಮತ್ತೆ ಮತ್ತೆ ಬಿದ್ದುಹೋಯಿತು.

1958ರ ಚುನಾವಣೆ ದಾರಿ ತೆರೆಯಿತು. ಡೆಮಾಕ್ರಟಿಕ್ ಪಕ್ಷ ಎರಡೂ ಸದನಗಳನ್ನು ಹಿಡಿಯಿತು, ಎಡ್ಮಂಡ್ ಜಿ. ಬ್ರೌನ್ ಗವರ್ನರ್ ಆದರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಪ್ಯಾಟ್ ಬ್ರೌನ್ ಎಂದು. 1959ರ ಏಪ್ರಿಲ್‌ನಲ್ಲಿ ಅವರು ‘ನ್ಯಾಯಯುತ ಉದ್ಯೋಗ ಕಾಯ್ದೆ’ಗೆ ಸಹಿ ಹಾಕಿದರು. ಐದು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗಳಿಗೆ ಅದು ಅನ್ವಯಿಸಿತು, ದೂರು ವಿಚಾರಿಸಲು ಆಯೋಗವೊಂದನ್ನು ನೇಮಿಸಿತು. ಇಡೀ ಅಮೆರಿಕಕ್ಕೆ ಇಂಥ ಕಾನೂನು ಬಂದದ್ದು ಐದು ವರ್ಷ ತಡವಾಗಿ, 1964ರಲ್ಲಿ.

1963ರ ಮಸೂದೆ

ಕೆಲಸದ ಕಾನೂನು ಬಂದ ಮೇಲೂ ಮನೆಯ ಪ್ರಶ್ನೆ ಹಾಗೇ ಉಳಿದಿತ್ತು. ಸರ್ಕಾರದ ನೆರವು ಪಡೆದ ವಸತಿಯಲ್ಲಿ ತಾರತಮ್ಯ ತಡೆಯುವ ಹಾಕಿನ್ಸ್ ಅವರ ಕಾಯ್ದೆ 1959ರಲ್ಲೇ ಬಂದಿತ್ತು. ಆದರೆ ಅನ್ಯಾಯವಾದವರು ತಾವೇ ಕೋರ್ಟಿಗೆ ಅಲೆಯಬೇಕಿತ್ತು. ಮನೆ ಸಿಗದೆ ಒದ್ದಾಡುವ ಕುಟುಂಬ ವಕೀಲರ ಶುಲ್ಕ ಕಟ್ಟಿಕೊಂಡು ವರ್ಷಗಟ್ಟಲೆ ಕಾಯುವುದುಂಟೇ? ಆಯೋಗಕ್ಕೇ ವಸತಿ ದೂರುಗಳನ್ನೂ ವಹಿಸಬೇಕು, ಖಾಸಗಿ ಮನೆಗಳನ್ನೂ ಕಾನೂನಿನ ಒಳಗೆ ತರಬೇಕು ಎಂದು ರಂಫರ್ಡ್ 1963ರ ಫೆಬ್ರುವರಿಯಲ್ಲಿ ಎಬಿ 1240 ಎಂಬ ಮಸೂದೆ ಮಂಡಿಸಿದರು.

ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದಕ್ಕೆ ಅವರ ಊರೇ ಸೂಚನೆ ಕೊಟ್ಟಿತು. ಬರ್ಕ್ಲಿಯ ನಗರಸಭೆ ಅದೇ ವರ್ಷದ ಜನವರಿಯಲ್ಲಿ ಇಂಥದ್ದೇ ಸ್ಥಳೀಯ ನಿಯಮ ಮಾಡಿತ್ತು. ಏಪ್ರಿಲ್ 2ರಂದು ನಗರದ ಮತದಾರರು ಅದನ್ನು ಕಡಿಮೆ ಅಂತರದಲ್ಲಿ ರದ್ದು ಮಾಡಿದರು.

ಅಸೆಂಬ್ಲಿ ಮಸೂದೆಯನ್ನು ಅಂಗೀಕರಿಸಿತು. ಸೆನೆಟ್‌ನಲ್ಲಿ ಸಿಕ್ಕಿಬಿತ್ತು. ಏಕೆಂದು ತಿಳಿಯಲು ಆಗಿನ ಸೆನೆಟ್‌ನ ರಚನೆ ನೋಡಬೇಕು. ಜನಸಂಖ್ಯೆ ಎಷ್ಟೇ ಇರಲಿ, ಒಂದು ಕೌಂಟಿಗೆ, ಅಂದರೆ ಜಿಲ್ಲೆಯಂಥ ಘಟಕಕ್ಕೆ, ಒಬ್ಬರಿಗಿಂತ ಹೆಚ್ಚು ಸೆನೆಟರ್ ಇರುವಂತಿರಲಿಲ್ಲ. 60 ಲಕ್ಷ ಜನರಿದ್ದ ಲಾಸ್ ಏಂಜಲೀಸ್ ಕೌಂಟಿಗೆ ಒಬ್ಬರು, ಸುಮಾರು 14,000 ಜನರಿದ್ದ ಮೂರು ಗುಡ್ಡಗಾಡು ಕೌಂಟಿಗಳಿಗೆ ಸೇರಿ ಒಬ್ಬರು. ಮನೆ ಸಿಗದವರು ದೊಡ್ಡ ನಗರಗಳಲ್ಲಿದ್ದರು, ಸೆನೆಟ್‌ನ ಮತಗಳು ಹಳ್ಳಿಗಾಡಿನಲ್ಲಿದ್ದವು. ಮಸೂದೆ ಹೋದದ್ದು ‘ಸರ್ಕಾರಿ ದಕ್ಷತೆ’ ಎಂಬ ಹೆಸರಿನ ಸಮಿತಿಗೆ. ಬೇಡದ ಮಸೂದೆಗಳನ್ನು ಸದ್ದಿಲ್ಲದೆ ಮುಗಿಸುವ ಜಾಗವೆಂದು ಹೆಸರಾದ ಸಮಿತಿ ಅದು.

ವಾರಗಳು ಕಳೆದವು. ಜನಾಂಗೀಯ ಸಮಾನತೆಗಾಗಿ ದುಡಿಯುತ್ತಿದ್ದ ‘ಕೋರ್’ ಸಂಘಟನೆಯ ಕಾರ್ಯಕರ್ತರು ಸ್ಯಾಕ್ರಮೆಂಟೊದ ಶಾಸನ ಭವನದ ಗುಮ್ಮಟದ ಕೆಳಗೆ ಹಾಸಿಗೆ ಹಾಸಿ ಧರಣಿ ಕೂತರು. ಸಿನಿಮಾ ನಟರಾದ ಮಾರ್ಲನ್ ಬ್ರ್ಯಾಂಡೊ, ಪಾಲ್ ನ್ಯೂಮನ್ ಬೆಂಬಲಕ್ಕೆ ಬಂದರು. ಒಳಗೆ ರಂಫರ್ಡ್ ತಮ್ಮ ಮಸೂದೆಯನ್ನು ಕತ್ತರಿಸಲು ಒಪ್ಪಬೇಕಾಯಿತು. ಸರ್ಕಾರದ ಸಾಲ ಖಾತರಿಯ ನೆರವಿಲ್ಲದೆ ಕಟ್ಟಿದ ಖಾಸಗಿ ಒಂಟಿ ಮನೆಗಳನ್ನು ಕೈಬಿಡಲಾಯಿತು. ಐದು ಅಥವಾ ಹೆಚ್ಚು ಮನೆಗಳಿರುವ ಅಪಾರ್ಟ್‌ಮೆಂಟ್ ಕಟ್ಟಡಗಳೂ ಸರ್ಕಾರಿ ನೆರವಿನ ವಸತಿಯೂ ಉಳಿದವು.

ಅಧಿವೇಶನದ ಕೊನೆಯ ದಿನ ಜೂನ್ 21. ಮಧ್ಯರಾತ್ರಿಗೆ ಸದನ ಮುಗಿದರೆ ಬಾಕಿ ಉಳಿದ ಮಸೂದೆಗಳೆಲ್ಲ ಸತ್ತಂತೆ. ಸೆನೆಟ್‌ನ ಹಿರಿಯ ನಾಯಕ ಹ್ಯೂ ಬರ್ನ್ಸ್ ಈ ಮಸೂದೆಯ ವಿರೋಧಿ. ಅಸೆಂಬ್ಲಿಯ ಸ್ಪೀಕರ್ ಜೆಸ್ಸಿ ಅನ್ರೂ, ಇದನ್ನು ಮತಕ್ಕೆ ಹಾಕದಿದ್ದರೆ ಸೆನೆಟರುಗಳ ಮಸೂದೆಗಳೂ ತಮ್ಮ ಸದನದಲ್ಲಿ ನಿಲ್ಲುತ್ತವೆ ಎಂಬ ಒತ್ತಡ ಹಾಕಿದರು. ರಾತ್ರಿ ಗಡುವಿಗೆ ಸ್ವಲ್ಪವೇ ಸಮಯ ಉಳಿದಿದ್ದಾಗ ಸೆನೆಟ್ ಮತ ಹಾಕಿತು. ಪರ 22, ವಿರೋಧ 13. ತಿದ್ದುಪಡಿಗಳಿಗೆ ಅಸೆಂಬ್ಲಿ ಆಗಲೇ ಒಪ್ಪಿಗೆ ಕೊಟ್ಟಿತು.

ಪ್ಯಾಟ್ ಬ್ರೌನ್ ಸಹಿ ಹಾಕಿದರು, ಸೆಪ್ಟೆಂಬರ್‌ನಲ್ಲಿ ಕಾಯ್ದೆ ಜಾರಿಯಾಯಿತು. ಮನೆ ನಿರಾಕರಿಸಲ್ಪಟ್ಟವರು ಆಯೋಗಕ್ಕೆ ದೂರು ಕೊಡಬಹುದು. ಆಯೋಗ ವಿಚಾರಿಸಿ ಮೊದಲು ರಾಜಿಗೆ ಯತ್ನಿಸಬೇಕು. ಆಗದಿದ್ದರೆ ವಿಚಾರಣೆ ನಡೆಸಿ, ಮನೆ ಕೊಡಿ ಎಂದು ಆದೇಶಿಸಬಹುದು, ಅದು ಸಾಧ್ಯವಿಲ್ಲದಿದ್ದರೆ 500 ಡಾಲರ್‌ವರೆಗೆ ಪರಿಹಾರ ಕೊಡಿಸಬಹುದು. ಜೈಲಿನ ಮಾತಿಲ್ಲ, ದೊಡ್ಡ ದಂಡವಿಲ್ಲ. ಕತ್ತರಿಸಿ ಕತ್ತರಿಸಿ ಉಳಿದಿದ್ದ ಈ ಸೌಮ್ಯ ಕಾನೂನಿನ ಮೇಲೆ ಮುಂದಿನ ವರ್ಷ ಬಿದ್ದ ಏಟು ನೋಡಿದರೆ ಅದರಲ್ಲಿ ಎಷ್ಟು ಬಲವಿತ್ತೆಂದು ತಿಳಿಯುತ್ತದೆ.

ಪ್ರೊಪೊಸಿಷನ್ 14: ಜನರೇ ಕಾನೂನನ್ನು ಕೆಡವಿದಾಗ

ಭಾರತದಲ್ಲಿ ಇಲ್ಲದ ಒಂದು ಅಧಿಕಾರ ಕ್ಯಾಲಿಫೋರ್ನಿಯಾದ ಮತದಾರರಿಗೆ 1911ರಿಂದಲೂ ಇದೆ. ಸಾಕಷ್ಟು ಸಹಿ ಕೂಡಿಸಿದರೆ, ಶಾಸಕರ ಹಂಗಿಲ್ಲದೆ ಜನರೇ ಕಾನೂನನ್ನೋ ರಾಜ್ಯ ಸಂವಿಧಾನದ ತಿದ್ದುಪಡಿಯನ್ನೋ ಮತಪತ್ರದ ಮೇಲೆ ತರಬಹುದು. ರೈಲ್ವೆ ಕಂಪನಿಗಳ ಹಿಡಿತದಿಂದ ರಾಜ್ಯವನ್ನು ಬಿಡಿಸಲು ಅಂದಿನ ಸುಧಾರಕರು ತಂದ ಏರ್ಪಾಡು ಅದು. ಹೀಗೆ ಮತಕ್ಕೆ ಬರುವ ಪ್ರಸ್ತಾವಕ್ಕೆ ಪ್ರೊಪೊಸಿಷನ್ ಎನ್ನುತ್ತಾರೆ, ಗುರುತಿಗೆ ಒಂದು ಸಂಖ್ಯೆ ಕೊಡುತ್ತಾರೆ. ಸಂವಿಧಾನ ತಿದ್ದುಪಡಿಗೆ ಹಿಂದಿನ ಗವರ್ನರ್ ಚುನಾವಣೆಯ ಒಟ್ಟು ಮತದ ಶೇ 8ರಷ್ಟು ಸಹಿ ಬೇಕು. 1964ರಲ್ಲಿ ಅದು 4,68,259.

ರಂಫರ್ಡ್ ಕಾಯ್ದೆಯ ವಿರುದ್ಧ ಸಹಿ ಸಂಗ್ರಹಕ್ಕೆ ಮುಂದಾದದ್ದು ರಾಜ್ಯದ ರಿಯಲ್ ಎಸ್ಟೇಟ್ ಸಂಘ. ಬೇಕಾದ್ದಕ್ಕಿಂತ ಬಹಳ ಹೆಚ್ಚು ಸಹಿ ಸಿಕ್ಕವು. ಅವರ ವಾದ ಸರಳವಾಗಿತ್ತು: ನನ್ನ ಮನೆ ನನ್ನದು, ಯಾರಿಗೆ ಮಾರಬೇಕೆಂದು ಹೇಳಲು ಸರ್ಕಾರ ಯಾರು? ಈ ವಾದವನ್ನು ನಂಬಿದವರೆಲ್ಲ ದ್ವೇಷಿಗಳಾಗಿರಲಿಲ್ಲ. ಆಸ್ತಿಯ ಹಕ್ಕು, ನೆರೆಯ ಮನೆಗಳ ಬೆಲೆ ಕುಸಿದೀತೆಂಬ ಭಯ, ದಲ್ಲಾಳಿಗಳು ವರ್ಷಗಳಿಂದ ಬಿತ್ತಿದ್ದ ಮಾತುಗಳು ಎಲ್ಲವೂ ಸೇರಿಕೊಂಡಿದ್ದವು. ಗವರ್ನರ್ ಬ್ರೌನ್, ಅನೇಕ ಚರ್ಚುಗಳು, ಮಾರ್ಟಿನ್ ಲೂಥರ್ ಕಿಂಗ್ ಇದನ್ನು ವಿರೋಧಿಸಿದರು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಬೆಂಬಲಿಸಿತು.

1964ರ ನವೆಂಬರ್ 3ರಂದು ಪ್ರೊಪೊಸಿಷನ್ 14ರ ಪರ ಸುಮಾರು 45 ಲಕ್ಷ ಮತ ಬಿದ್ದವು, ವಿರುದ್ಧ ಸುಮಾರು 24 ಲಕ್ಷ. ಅಂದರೆ ಪ್ರತಿ ಮೂವರಲ್ಲಿ ಇಬ್ಬರು ಕಾಯ್ದೆ ಬೇಡವೆಂದರು. ಅದೇ ದಿನ, ಅದೇ ಮತಗಟ್ಟೆಗಳಲ್ಲಿ, ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರನ್ನು ಕ್ಯಾಲಿಫೋರ್ನಿಯಾ ಭಾರಿ ಬಹುಮತದಿಂದ ಗೆಲ್ಲಿಸಿತು. ದೂರದ ಮಿಸಿಸಿಪ್ಪಿಯ ಅನ್ಯಾಯ ಅಳಿಯಲಿ ಎಂದು ಬಯಸಿದ ಅನೇಕರು ತಮ್ಮ ಬೀದಿಯ ವಿಷಯಕ್ಕೆ ಬಂದಾಗ ಹಿಂಜರಿದರು.

ಮರುವರ್ಷ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಪ್ರದೇಶ ಹೊತ್ತಿ ಉರಿಯಿತು, 34 ಮಂದಿ ಸತ್ತರು. ಗಲಭೆಯ ಕಾರಣ ಹುಡುಕಿದ ಮೆಕೋನ್ ಆಯೋಗ, ಸಿಟ್ಟು ಹೆಚ್ಚಿಸಿದ ಸಂಗತಿಗಳ ಸಾಲಿನಲ್ಲಿ ಪ್ರೊಪೊಸಿಷನ್ 14ನ್ನೂ ಸೇರಿಸಿತು.

ಬಹುಮತ ಗೆದ್ದದ್ದನ್ನು ಕೋರ್ಟ್ ತಳ್ಳಿಹಾಕಿದ್ದು ಹೇಗೆ?

ಈ ಭಾಗ ಸ್ವಲ್ಪ ಸೂಕ್ಷ್ಮ. ಸ್ಯಾಂಟಾ ಆನಾ ನಗರದಲ್ಲಿ ಮಲ್ಕಿ ಎಂಬ ಕಪ್ಪುವರ್ಣೀಯ ದಂಪತಿಗೆ ಅಪಾರ್ಟ್‌ಮೆಂಟ್ ನಿರಾಕರಿಸಲಾಗಿತ್ತು. ಅವರು ಕೋರ್ಟಿಗೆ ಹೋದರು. ಮಾಲೀಕರ ಕಡೆಯವರು ಪ್ರೊಪೊಸಿಷನ್ 14ನ್ನು ತೋರಿಸಿದರು: ಯಾರಿಗೆ ಬಾಡಿಗೆಗೆ ಕೊಡಬೇಕೆಂಬುದು ಮಾಲೀಕನ ಸಂಪೂರ್ಣ ವಿವೇಚನೆ, ಅದನ್ನು ರಾಜ್ಯ ಯಾವ ರೀತಿಯಲ್ಲೂ ಮಿತಗೊಳಿಸುವಂತಿಲ್ಲ ಎಂದು ಈಗ ರಾಜ್ಯದ ಸಂವಿಧಾನವೇ ಹೇಳುತ್ತಿತ್ತು.

ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುತ್ತದೆ. ಪ್ರಸ್ತಾವಕ್ಕೂ ಈ ತಿದ್ದುಪಡಿಗೂ 14 ಎಂಬ ಸಂಖ್ಯೆ ಬಂದದ್ದು ಬರೀ ಕಾಕತಾಳೀಯ. ಆದರೆ ಆ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ವ್ಯಕ್ತಿಯನ್ನಲ್ಲ. ಮನೆ ಕೊಡಲೊಲ್ಲದ ಮಾಲೀಕ ಸರ್ಕಾರವಲ್ಲವಲ್ಲ? ಇಲ್ಲಿ ರಾಜ್ಯ ತಪ್ಪು ಮಾಡಿದೆ ಎನ್ನುವುದು ಹೇಗೆ?

ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1966ರ ಮೇ ತಿಂಗಳಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 1967ರ ಮೇ 29ರಂದು ಕೊಟ್ಟ ಉತ್ತರದ ತಿರುಳು ಇದು. ರಾಜ್ಯವು ಒಂದು ಕಾಯ್ದೆಯನ್ನು ಸುಮ್ಮನೆ ರದ್ದು ಮಾಡಿದ್ದರೆ ಮಾತು ಬೇರೆ. ಇಲ್ಲಿ ತಾರತಮ್ಯ ಮಾಡುವ ಹಕ್ಕನ್ನೇ ಸಂವಿಧಾನದಲ್ಲಿ ಬರೆದು, ಮುಂದೆ ಯಾವ ಶಾಸನಸಭೆಯೂ ನಗರಸಭೆಯೂ ಮುಟ್ಟದಂತೆ ಭದ್ರ ಮಾಡಲಾಗಿದೆ. ಹಾಗೆ ಮಾಡಿದಾಗ ರಾಜ್ಯ ತಟಸ್ಥವಾಗಿ ಉಳಿಯುವುದಿಲ್ಲ. ಖಾಸಗಿ ತಾರತಮ್ಯಕ್ಕೆ ಅದು ಬೆನ್ನು ತಟ್ಟಿದಂತಾಗುತ್ತದೆ, ಅದರಲ್ಲಿ ಪಾಲುದಾರನಾಗುತ್ತದೆ. ಆದ್ದರಿಂದ ಪ್ರೊಪೊಸಿಷನ್ 14 ಅಸಿಂಧು.

ತೀರ್ಪು ಬಂದದ್ದು 5-4ರ ಅಂತರದಲ್ಲಿ. ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಬಹುಮತದ ಐವರಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಒಬ್ಬರು. ರಂಫರ್ಡ್ ಮೊದಲ ಸಲ ಶಾಸನಸಭೆಗೆ ಬಂದಾಗ ಇದೇ ವಾರನ್ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದರು. ತೀರ್ಪಿನೊಂದಿಗೆ ರಂಫರ್ಡ್ ಕಾಯ್ದೆ ಮತ್ತೆ ಜೀವಂತವಾಯಿತು. ಸಂವಿಧಾನದ ಪುಟದಲ್ಲಿ ಉಳಿದಿದ್ದ ಸತ್ತ ಕಲಮನ್ನು 1974ರಲ್ಲಿ ಮತದಾರರೇ ತೆಗೆದುಹಾಕಿದರು.

ರಂಫರ್ಡ್ ಅವರಿಗೆ ಏನಾಯಿತು?

ತಮ್ಮ ಕಾಯ್ದೆ ಮರಳಿ ಬಂದಾಗ ಅವರು ಸದನದಲ್ಲಿರಲಿಲ್ಲ. 1966ರಲ್ಲಿ ಅಸೆಂಬ್ಲಿ ಬಿಟ್ಟು ರಾಜ್ಯ ಸೆನೆಟ್‌ಗೆ ಸ್ಪರ್ಧಿಸಿದರು. ರಂಫರ್ಡ್ ಕಾಯ್ದೆಯನ್ನು ಟೀಕಿಸುತ್ತಲೇ ರೊನಾಲ್ಡ್ ರೇಗನ್ ಗವರ್ನರ್ ಆಗಿ ಗೆದ್ದ ವರ್ಷ ಅದು. ರಿಪಬ್ಲಿಕನ್ ಪಕ್ಷದ ಲೂಯಿಸ್ ಶೆರ್ಮನ್ ಎದುರು ರಂಫರ್ಡ್ ಬಹಳ ಕಡಿಮೆ ಅಂತರದಿಂದ ಸೋತರು. 1949ರಿಂದ ನಡೆದುಬಂದ ಶಾಸಕ ಜೀವನ ಅಲ್ಲಿಗೆ ಮುಗಿಯಿತು. ಮರುವರ್ಷ ಶಾಸನಸಭೆಯಲ್ಲಿ ಕಾಯ್ದೆಯನ್ನು ತೆಗೆದುಹಾಕುವ ಯತ್ನ ನಡೆದು ವಿಫಲವಾಯಿತು. 1968ರಲ್ಲಿ, ಕಿಂಗ್ ಅವರ ಕೊಲೆಯಾದ ಒಂದು ವಾರಕ್ಕೆ, ಇಡೀ ದೇಶಕ್ಕೆ ಅನ್ವಯಿಸುವ ವಸತಿ ಕಾಯ್ದೆ ಬಂತು. ಆ ಬಳಿಕ ಹಿಂದಕ್ಕೆ ಹೋಗುವ ಮಾತು ಕ್ಷೀಣಿಸಿತು.

1970ರ ದಶಕದಲ್ಲಿ ರಂಫರ್ಡ್ ವಾಷಿಂಗ್ಟನ್‌ನಲ್ಲಿ, ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್‌ನಲ್ಲಿ ಕೆಲಸ ಮಾಡಿದರು. 1986ರ ಜೂನ್‌ನಲ್ಲಿ ತೀರಿಕೊಂಡರು. ಬರ್ಕ್ಲಿ-ಓಕ್‌ಲ್ಯಾಂಡ್ ಪಕ್ಕದ ಹೆದ್ದಾರಿ 24ರ ಒಂದು ಭಾಗಕ್ಕೆ ಅವರ ಹೆಸರಿದೆ. 2016ರಲ್ಲಿ, ಅವರ ಔಷಧ ಅಂಗಡಿಯಿದ್ದ ಸ್ಯಾಕ್ರಮೆಂಟೊ ಬೀದಿಯಲ್ಲೇ ಶಿಲ್ಪಿ ಡೇನಾ ಕಿಂಗ್ ಮಾಡಿದ ಪ್ರತಿಮೆಯನ್ನು ನಿಲ್ಲಿಸಿದರು.

ಇಂದು ಅಲ್ಲಿರುವವರಿಗೆ ಇದರಿಂದ ಏನು ಸಿಗುತ್ತದೆ?

1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಕರ್ನಾಟಕದಿಂದ ಎಂಜಿನಿಯರುಗಳು, ವೈದ್ಯರು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮನೆ ಹುಡುಕುವ ಹೊತ್ತಿಗೆ ಈ ಜಗಳದ ದೊಡ್ಡ ಭಾಗ ಮುಗಿದಿತ್ತು. ಅದಕ್ಕೇ ಇರಬೇಕು, ರಂಫರ್ಡ್ ಹೆಸರು ನಮ್ಮವರಲ್ಲಿ ಹೆಚ್ಚು ಕೇಳಿಬರುವುದಿಲ್ಲ.

ಇಂದು ಮನೆ ಕೊಡಲು, ಮಾರಲು, ಸಾಲಕ್ಕೆ ಬಣ್ಣ, ಧರ್ಮ, ಮೂಲದೇಶ, ವಂಶಮೂಲ, ಲಿಂಗ, ಅಂಗವೈಕಲ್ಯದ ನೆಪ ಒಡ್ಡಿದರೆ ರಾಜ್ಯದ ನಾಗರಿಕ ಹಕ್ಕುಗಳ ಇಲಾಖೆಗೆ ದೂರು ಕೊಡಬಹುದು. ರಂಫರ್ಡ್ ಕಾಲದ ಆಯೋಗದ ಕೆಲಸವನ್ನು ಈಗ ಮಾಡುತ್ತಿರುವುದು ಅದೇ ಇಲಾಖೆ. ವಸತಿಗೆ ಸಂಬಂಧಿಸಿದ ದೂರನ್ನು ಒಂದು ವರ್ಷದ ಒಳಗೆ ಕೊಡಬೇಕು. ದೂರು ಕೊಡಲು ಅಮೆರಿಕದ ಪೌರತ್ವ ಇರಬೇಕೆಂದೇನೂ ಇಲ್ಲ.

ಹಳೆಯ ಮನೆ ಕೊಂಡವರು ಪತ್ರಗಳನ್ನು ಓದುವಾಗ 1920, 30ರ ದಶಕದ ಆ ಬಣ್ಣದ ಷರತ್ತು ಈಗಲೂ ಕಣ್ಣಿಗೆ ಬೀಳುವುದುಂಟು. ಅದಕ್ಕೆ ಬೆಲೆಯಿಲ್ಲ ಎಂಬ ಸೂಚನೆಯನ್ನು ದಪ್ಪ ಅಕ್ಷರದಲ್ಲಿ ಪತ್ರದ ಜೊತೆ ಕೊಡಬೇಕೆಂದು ಕಾನೂನಿದೆ. 2022ರಿಂದ ಜಾರಿಯಲ್ಲಿರುವ ಎಬಿ 1466 ಪ್ರಕಾರ ಕೌಂಟಿಗಳ ನೋಂದಣಿ ಕಚೇರಿಗಳು ತಮ್ಮ ದಾಖಲೆಗಳಲ್ಲಿ ಇಂಥ ಸಾಲುಗಳನ್ನು ಹುಡುಕಿ ಅಳಿಸುವ ಕೆಲಸ ಮಾಡಬೇಕು. ಮಾಲೀಕರೂ ಅರ್ಜಿ ಕೊಡಬಹುದು. ಕೌಂಟಿಯ ವಕೀಲರು ಪರಿಶೀಲಿಸಿ, ಷರತ್ತು ಕಾನೂನುಬಾಹಿರ ಎಂದು ಒಪ್ಪಿದರೆ, ಆ ಸಾಲನ್ನು ತೆಗೆದ ಪ್ರತಿ ನೋಂದಣಿಯಾಗುತ್ತದೆ. ಮೂಲ ಪ್ರತಿಯನ್ನು ನಾಶ ಮಾಡುವುದಿಲ್ಲ, ಇತಿಹಾಸದ ದಾಖಲೆಯಾಗಿ ಬೇರೆ ಇಡುತ್ತಾರೆ.